ನಾಲ್ಕು ಗೋಡೆ, ಒಂದೂವರೆ ಕಣ್ಣು

ಫೆಬ್ರವರಿಯಲ್ಲಿ ವಾರ್ಡೋ ಊರಿಗೆ
ಬೆಳಕು ಬರುವುದು ಅವಸರದ ನೆಂಟರ ಹಾಗೆ,
ಕೋಟೂ ಬಿಚ್ಚದೆ ಎದ್ದು ಹೊರಡುತ್ತದೆ.
ಅಷ್ಟರೊಳಗೆ ಆರಿಸಬೇಕು ಬಣ್ಣ.

ಬೋರ್ಗ್‌ಹಿಲ್ಡ್ ಅವರ ಹೊಲಿಗೆ ಕೋಣೆಯ ಗೋಡೆಗೆ
ಎರಡು ಪಟ್ಟೆ ಬಳಿದೆ, ಬಾಗಿಲಷ್ಟು ಅಗಲ:
ಎಡಕ್ಕೆ, ಡಬ್ಬಿಯ ಮೇಲಿದ್ದಂತೆ, ‘ಓಟ್ಸ್ ಗಂಜಿ’.
ಬಲಕ್ಕೆ ‘ಬೆಳಗಿನ ಮಂಜು’.
(ಹೆಸರಿಡುವವರು ಎಲ್ಲೋ ದಕ್ಷಿಣದಲ್ಲಿ ಕೂತಿರುತ್ತಾರೆ,
ಹಸಿದುಕೊಂಡು, ಕಿಟಕಿ ಪಕ್ಕ.)

ಇಪ್ಪತ್ತು ವರ್ಷದಿಂದ ಇದೇ ಕೆಲಸ,
ಮೊದಲು ಗ್ದಾನ್ಸ್ಕ್‌ನಲ್ಲಿ, ಈಗ ಇಲ್ಲಿ.
ಒಂದು ಬೂದಿಗೂ ಇನ್ನೊಂದು ಬೂದಿಗೂ ನಡುವೆ
ಗಂಡ ಹೆಂಡಿರು ಮಾತು ಬಿಟ್ಟದ್ದು ನೋಡಿದ್ದೇನೆ.
ಒಬ್ಬರೇ ತಮ್ಮೊಡನೆ ತಾವು ವಾದಕ್ಕಿಳಿದದ್ದು
ಇದೇ ಮೊದಲು.

ಪೊರೆ ತೆಗೆದದ್ದು ಹೋದ ತಿಂಗಳು, ಬಲಗಣ್ಣಿನದು ಮಾತ್ರ.
ಎಡದ್ದು ಈಸ್ಟರ್ ಕಳೆದ ಮೇಲೆ.
ಅಂಗೈಯಿಂದ ಒಂದನ್ನು ಮುಚ್ಚಿ, ತೆಗೆದು, ಇನ್ನೊಂದನ್ನು ಮುಚ್ಚಿ,
“ಮಿರೆಕ್, ಈ ಗಂಜಿ ಇದರಿಂದ ಜೇನು,
ಇದರಿಂದ ಸುಣ್ಣ.
ಆ ಮಂಜು ಇದರಿಂದ ತೊಳೆದ ಮೀನಿನ ಹೊಟ್ಟೆ,
ಇದರಿಂದ ಹಳೇ ಕಾಗದ.”
ನಾನು ಬಳಿದದ್ದು ಎರಡು.
ಗೋಡೆಯ ಮೇಲಿದ್ದವು ನಾಲ್ಕು.

ಯಾವುದು ನಿಜ ಎಂದರು.
ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ,
ಪರಾಂಬರಿಸುವುದಕ್ಕೂ ಕಣ್ಣೇ ತಾನೆ.
ಪೂರ್ತಿ ಒಣಗಲಿ, ಎಂದೆ.
ಉತ್ತರ ಗೊತ್ತಿಲ್ಲದಾಗ ನಾವು ಹೇಳುವ ಮಾತು ಅದು.

ಒಣಗುವ ತನಕ ಕಾಫಿ, ಕಂದು ಚೀಸಿನ ಬ್ರೆಡ್ಡು.
ಸುಮ್ಮನೆ ದಾರದ ಡ್ರಾಯರ್ ಎಳೆದರು,
ಒಂದು ಉರುಳೆಯನ್ನು ಕಿಟಕಿಗೆ ಹಿಡಿದರು.
ಬಲಗಣ್ಣು. ಎಡಗಣ್ಣು. ಮತ್ತೆ ಬಲಗಣ್ಣು.

“ಇದು ನೀಲಿ.”
ನೀಲಿಯೇ.
“ಕಪ್ಪು ಅಂದುಕೊಂಡು ಆರು ವರ್ಷ ಹೊಲಿದಿದ್ದೇನೆ.
ತೂರ್‌ಫಿನ್‌ನ ದೋಣಿ ಮರಳದ ವರ್ಷ
ಆ ಮನೆಯ ಐದೂ ಕರಿ ಕೋಟು ನನ್ನ ಕೈಯವು.
ಚರ್ಚಿನಲ್ಲಿ ಇಡೀ ಊರು ಇತ್ತು.
ಯಾರೂ ಒಂದು ಮಾತು...”

ಸೂರ್ಯ ಅಷ್ಟರಲ್ಲಿ ಕೋಟೆಯ ಹಿಂದೆ ಇಳಿದಿದ್ದ.
ಎರಡು ಪಟ್ಟೆಯೂ ಒಂದೇ ಬಣ್ಣಕ್ಕೆ ಬಂದವು,
ನನ್ನ ಎರಡು ಗಟ್ಟಿ ಕಣ್ಣಿಗೂ.

ಗಂಜಿಯನ್ನೇ ಬಳಿ, ಅಂದರು ಕೊನೆಗೆ. ಮೂರು ಗೋಡೆಗೆ.
ನಾಲ್ಕನೆಯದು?
ಈಸ್ಟರ್ ಕಳೆಯಲಿ.

ಉರುಳೆ ಡ್ರಾಯರಿಗೆ ಹೋಗಲಿಲ್ಲ.
ಏಪ್ರನ್ ಜೇಬಿಗೆ ಇಳಿಬಿಟ್ಟುಕೊಂಡು ಫೋನಿನ ಕಡೆ ನಡೆದರು,
ತೂರ್‌ಫಿನ್‌ನ ಅಕ್ಕನ ನಂಬರು ಅವರಿಗೆ ಬಾಯಿಪಾಠ.
ನಾನು ಬ್ರಷ್ಷು ತೊಳೆಯಲು ಹೋದೆ,
ನಲ್ಲಿಯನ್ನು
ಬೇಕಾದ್ದಕ್ಕಿಂತ ಜೋರಾಗಿ ತಿರುಗಿಸಿ.