ಜಿಗಿ

ಕುಸುಗಲ್ ರಸ್ತೆಗೆ ಪ್ಲಾಟು ನೋಡಾಕ ಹೋದಾಗ
ನೆಲ ಕೆಂಪಗಿತ್ತು,
ಕುಂಕುಮದ ಭರಣಿ ಕೈಜಾರಿ ಚೆಲ್ಲಿಧಂಗ.
"ಮಸಾರಿ ಅಕ್ಕಾರ, ಗಟ್ಟಿ ನೆಲ,
ಮೂರು ಫೂಟು ಬುನಾದಿ ಸಾಕು" ಅಂದ ಏಜೆಂಟ ಉಮಚಗಿ,
ಬೈಕಿನ ಮ್ಯಾಲಿಂದ ಇಳೀಲಾರದನ.

ದಾವಲಸಾಬ ಗೌಂಡಿ ಏನೂ ಅನಲಿಲ್ಲ.
ಮೊದಲು ಬಾಜೂ ಮನಿಗೆ ಹೋದ.
ಕಂಪೌಂಡಿನ ಮೂಲಿಗೆ ಕೈ ಇಟ್ಟ,
ಮೂರು ಬೆರಳು ಒಳಗ ಹೋದವು.
ಆ ಮನಿಯಾಕಿ ಕಿಡಕ್ಯಾಗ ನಿಂತು ಹೇಳಿದ್ಲು:
ಮಳಿಗಾಲದಾಗ ಬಾಗಲಾ ಮುಚ್ಚೂದಿಲ್ರೀ,
ಬ್ಯಾಸಗಿಗೆ ತನ್ನಷ್ಟಕ್ಕ ತಾನ ತೆರಕೊಂತೈತಿ.
ಬಡಿಗ್ಯಾನ್ನ ಮೂರು ಸಲ ಕರಿಸಿದ್ವಿ.
ಅವ ಹೆರದು ಹೆರದು ಬಾಗಲಾ ಸಣ್ಣ ಮಾಡಿದ.
ತಪ್ಪು ಬಾಗಲದ್ದಲ್ಲ ಅಂತ ಯಾರೂ ಹೇಳಲಿಲ್ಲ.

ಆಮ್ಯಾಲ ಗುದ್ದಲಿ.
ಒಂದು ಗೇಣು ಕೆಂಪು,
ಧಾರವಾಡದ ಕಡಿಂದ ಟ್ರಕ್ಕಿನಾಗ ಬಂದ ಗರಸು.
ಗೇಣಿನ ಕೆಳಗ ಕರಿ.
ಮೊಣಕಾಲ ಮಟ ಕರಿ. ಎದಿ ಮಟ ಕರಿ.
ಗುದ್ದಲಿ ಎತ್ತಿದ್ರ ಮಣ್ಣು ಅಲಗು ಬಿಡವಲ್ದು.
ಉಮಚಗಿ ಫೋನು ಕಿವಿಗೆ ಹಚ್ಚಿಕೊಂಡು ದೂರ ಸರದ.
ಫೋನು ಬಂದಿರಲಿಲ್ಲ.

"ಹೊಸಿ ತಂಗೀ" ಅಂದ ದಾವಲಸಾಬ,
ಒಂದೀಟು ಹಸಿ ಎರಿ ನನ್ನ ಅಂಗೈಯಾಗಿಟ್ಟು.
ಇಪ್ಪತ್ತೆರಡು ವರ್ಷ
ದಿನಕ್ಕ ಮುನ್ನೂರು ರೊಟ್ಟಿ ಬಡದ ಕೈ ಇದು.
ಹಳೇ ಹಿಟ್ಟು ಜಿಗಿ ಬಿಟ್ಟಿರತೈತಿ, ಬಡದ್ರ ಅಂಚು ಸೀಳತೈತಿ;
ಹೊಸಾ ಜೋಳದ ಹಿಟ್ಟು ಕೈಗಂಟಿ ಹಟಾ ಮಾಡತೈತಿ.
ಹೊಸದೆ, ಹಗ್ಗ ಆತು.
ಮತ್ತ ಹೊಸದೆ, ಶ್ಯಾವಗಿ ಆತು.
ಬಳಿ ಹಂಗ ಬಗ್ಗಿಸಿದೆ, ಮುರೀಲಿಲ್ಲ.
ಮಸಾರಿ ಆಗಿದ್ರ ಇಷ್ಟೊತ್ತಿಗೆ ಉದರಿ ಹೋಗತಿತ್ತು.
"ಇಷ್ಟು ಜಿಗಿ ಇದ್ದದ್ದು ಸುಮ್ಮನ ಕುಂದರೂದಿಲ್ಲ.
ನೀರು ಕುಡದು ಉಬ್ಬತೈತಿ, ಒಣಗಿ ಸೆಟಗೊಂತೈತಿ.
ಕಟ್ಟಬಾರದಂತಲ್ಲ ತಂಗೀ,
ಎರಿ ದಾಟಿ ಗಡಸು ನೆಲ ಸಿಗೂತನಕ ಇಳೀಬೇಕು.
ಮನಿ ರೊಕ್ಕದಾಗ ಅರ್ಧ ಮಣ್ಣಾಗ ಹೋಗತೈತಿ,
ವಾಸ್ತುಶಾಂತಿಗೆ ಬಂದವರ ಕಣ್ಣಿಗೆ ಕಾಣೂದಿಲ್ಲ."

ಪಲ್ಯಾ ಖಾಲಿ ಆಗಿದ್ದ ಸ್ಟೀಲ ಡಬ್ಬಿಯಾಗ
ಅದನ್ನ ಕಂಠಮಟ ಒತ್ತಿ ತುಂಬಕೊಂಡು ಬಂದೆ.
ಗುರುಬಸವ್ವ ಮುಚ್ಚಳ ತಗದು ನಕ್ಕಳು:
"ಇದ್ಯಾವ ಪಲ್ಯಾ ಅಕ್ಕಾ?"
ಒಲಿ ಬಾಜೂಕ ಇಟ್ಟೆ.
ಎಂಟು ದಿನಕ್ಕ ಅದು ಡಬ್ಬಿಯ ಸಂಗ ಬಿಟ್ಟು
ಕಿರುಬೆರಳಷ್ಟು ಒಳಗ ಸರದಿತ್ತು.
ನಡುವ ಒಂದು ಸೀಳು,
ನಮ್ಮವ್ವನ ಹಿಮ್ಮಡದಾಗ ಇರತಿತ್ತಲ್ಲ, ಅಂಥಾದ್ದು.
ರಾತ್ರಿ ಅರ್ಧ ವಾಟಗ ನೀರು ಹಾಕಿ,
ಮುಚ್ಚಳ ಮ್ಯಾಲಿಟ್ಟು ಮಲಗಿದೆ.
ಮುಂಜಾನೆ ಸೀಳು ಇರಲಿಲ್ಲ.
ಮುಚ್ಚಳ ಒಂದು ಕಡೆ ಎದ್ದಿತ್ತು,
ಯಾರೋ ಒಳಗಿಂದ ಹಣಕಿ ನೋಡಿಧಂಗ.

ಒಂದು ಡಬ್ಬಿ ಇಷ್ಟು ಉಸರಾಡಿದ್ರ
ಮೂವತ್ತು ನಲವತ್ತರ ಪ್ಲಾಟು?

ಇವತ್ತ ಜೋಳಾ ಹಸನ ಮಾಡುವಾಗ
ಮೊರದಾಗ ಒಂದು ಕರಿ ಹೆಂಟಿ ಸಿಕ್ಕಿತು.
ನವಲಗುಂದದ ಚೀಲ, ಅಲ್ಲಿಯ ಎರಿ.
ದಿನಾ ಹರಳಿನ ಜೋಡಿ ಒಗೀತಿದ್ದೆ.
ಇವತ್ತ ಬೆರಳಿನಾಗ ಪುಡಿ ಮಾಡಿ ನೋಡಿದೆ,
ನಾಲಗಿಗೂ ಹಚ್ಚಿದೆ, ಯಾಕೋ ಏನೋ.
ಗ್ವಾಡಿ ಹೊರಲಾರದ್ದು ಇದು,
ಮಂದಿಗೆ ರೊಟ್ಟಿ ಕೊಟ್ಟದ್ದೂ ಇದನ.
ನಾ ಕೊಟ್ಟ ಸಂಚಕಾರದ ಒಂದೊಂದು ನೋಟೂ
ಈ ಕರಿಯಾಗಿಂದ ಎದ್ದು ಬಂದದ್ದು.

ಉಮಚಗಿ ಎರಡು ಸಲ ಫೋನು ಮಾಡಿದ.
ಕೈಯಾಗ ಹಿಟ್ಟೈತಿ ಅಂದೆ.
ಡಬ್ಬಿ ಇನ್ನೂ ತೊಳದಿಲ್ಲ.