ಆಡುನುಡಿಯ ಅಂಕಣ

ಪ್ರುತ್ ನದಿ ಹೆಪ್ಪುಗಟ್ಟಿದ ವಾರ
ಜನಗಣತಿಯವನು ಬಂದ.
ಬೂಟಿನ ಹಿಮವನ್ನು ಹೊಸಿಲಿಗೆ ಒದರಿ
ಮಸಿಕುಡಿಕೆಯನ್ನು ನಮ್ಮ ಒಲೆಯ ಬದಿಗಿಟ್ಟ, ಕರಗಲೆಂದು.

ಅಜ್ಜಿ ತ್ಸಿರ್ಲ್ ಹೆಬ್ಬಾತಿನ ಪುಕ್ಕ ಬಿಡಿಸುತ್ತಿದ್ದಳು.
ಹೆಸರು ಹೇಳಿದಳು. ವಯಸ್ಸು, ಅಂದಾಜು.
ಹಸು ಇಲ್ಲ. ಆಡು ಒಂದು, ಅದೂ ಪಾಲಿನದು.
"ಆಡುನುಡಿ?"
"ಹೂಂ, ಆಡುತ್ತೇವೆ."

ಹಾಳೆಯಲ್ಲಿ ಅಚ್ಚಾದದ್ದು ನಾಲ್ಕು:
ಜರ್ಮನ್, ರೊಮೇನಿಯನ್, ರುಥೇನಿಯನ್, ಪೋಲಿಷ್.
ಅವನ ಬೆರಳು ಮೊದಲನೆಯದರ ಮೇಲೆ
ಕಾವು ಕೂತ ಕೋಳಿಯ ಹಾಗೆ ಕೂತಿತ್ತು.

ಪೂರಾ ತಪ್ಪೂ ಅಲ್ಲ.
ಅಜ್ಜಿಯ ಅಜ್ಜಿ ಅದನ್ನು ತೈಚ್ ಎನ್ನುತ್ತಿದ್ದಳಂತೆ,
ಅಂದರೆ ಜರ್ಮನ್ನೇ; ರೈನ್ ನದಿಯ ಕಡೆಯಿಂದ
ಗಂಟು ಹೊತ್ತು ಬಂದವರು ತಂದ ಹೆಸರು.
ಹೆಂಗಸರ ಪ್ರಾರ್ಥನೆಯ ಪುಸ್ತಕದಲ್ಲಿ
ಮೇಲೆ ದಪ್ಪಗೆ ಹೀಬ್ರೂ, ಕೆಳಗೆ ಸಣ್ಣಗೆ ತೈಚ್.
ತಿಳಿಯದಿದ್ದರೆ ಕೆಳಗೆ ನೋಡಬೇಕು.
ನೋಡಿ ನೋಡಿ ಹೆಸರೇ ಸವೆದು
ಅರ್ಥವಾಯಿತು.
ಈಗ ನನಗೇನಾದರೂ ತಿಳಿಯದಿದ್ದರೆ
"ಇದರ ತೈಚ್ ಏನು?" ಎನ್ನುತ್ತೇನೆ.
ಯಾರೂ ಜರ್ಮನಿಯ ಕಡೆ ತಿರುಗುವುದಿಲ್ಲ.

ಲೆಂಬರ್ಗಿನಲ್ಲಿ ಓದಿದ ಚಿಕ್ಕಪ್ಪ ಗೆತ್ಸ್ಲ್
ಅದನ್ನು ಜಾರ್ಗೋನ್ ಎಂದು ಕರೆದ,
ಮೂಗು ಹಿಡಿದು ಕಸದ ಬುಟ್ಟಿ ಎತ್ತುವವನ ಹಾಗೆ.
ಎಂದದ್ದೂ ಅದೇ ಮಾತಿನಲ್ಲಿ.

ಮೂರು ಕೂಸು ಕಳೆದುಕೊಂಡ ಅಜ್ಜಿ
ನಾಲ್ಕನೆಯದಕ್ಕೆ ಜ್ವರ ಬಂದ ರಾತ್ರಿ ಹೆಸರು ಬದಲಿಸಿದಳು:
ಆಲ್ಟರ್. ಮುದುಕ.
ಸಾವು ಬಂದು ಕೂಸೆಲ್ಲಿ ಎಂದರೆ
"ಇಲ್ಲಿರುವವನು ಮುದುಕ, ಬೇರೆ ಬಾಗಿಲು ನೋಡು" ಎನ್ನಬಹುದಲ್ಲ.
ಆಲ್ಟರ್ ನನ್ನ ಅಪ್ಪ.

ಅವಳು ಕೈಯ ಪುಕ್ಕ ಕೊಡವಿದಳು.
"ಬರೆದುಕೊಳ್ಳಿ ಸಾಹೇಬರೆ. ಯಿದ್ದಿಷ್."
"ಯೆಹೂದಿ ಎಂದಷ್ಟೇ ಆಯಿತಲ್ಲ. ಅದು ಮತ.
ಮತದ ಅಂಕಣ ಮೇಲಿದೆ, ತುಂಬಿದೆ."
"ಬೀದಿಯಲ್ಲಿ ಸಿಕ್ಕವರನ್ನು ನಾವು
ಹೇಗಿದ್ದೀ ಎಂದು ಕೇಳುವುದಿಲ್ಲ;
ಒಬ್ಬ ಯೆಹೂದಿ ಹೇಗಿದ್ದಾನೆ ಅನ್ನುತ್ತೇವೆ.
ಅವನು ಕೊಡುವ ಉತ್ತರ ಯಿದ್ದಿಷ್.
ಸುಮ್ಮನೆ ಕೆಮ್ಮಿದರೂ ಯಿದ್ದಿಷ್."

ದಂಡ ಬೀಳುತ್ತದೆ ಎಂದ.
ಎಷ್ಟೆಂದಳು. ಹೇಳಿದ.
ಮೀನಿನ ಅಂಗಡಿಯಲ್ಲಿ ಮಾಡುವಂತೆ ಬಾಯಿಗೆ ಕೈಯಿಟ್ಟು
ಅರ್ಧಕ್ಕೆ ಕೇಳಿದಳು.

ಕರಗಿದ ಮಸಿಯಲ್ಲಿ ನಾನೇ ಬರೆದೆ,
ಒಂಬತ್ತು ವರ್ಷದವಳು, ನಮ್ಮ ಅಕ್ಷರದಲ್ಲಿ,
ಅವನ ಗೆರೆ ಮುಗಿಯುವ ತುದಿಯಿಂದ ಹಿಡಿದು
ಬಲದಿಂದ ಎಡಕ್ಕೆ.
ಅವನು ಹಾಳೆಯನ್ನು ಕಿಟಕಿಗೆ ಹಿಡಿದ, ತಿರುಗಿಸಿದ.
"ನಿಜಕ್ಕೂ ಏನು ಬರೆದೆ? ಅರ್ಥ ಹೇಳು."

ಅಜ್ಜಿ ನಕ್ಕಳು, ಪುಕ್ಕಗಳೆಲ್ಲ ಮೇಲೆದ್ದವು:
"ನೋಡೇ, ತೈಚ್ ಕೇಳುತ್ತಿದ್ದಾನೆ!"