ಕಣ್ರೆಪ್ಪೆ

ಉಸಿಪಾ ಮೀನು ಒಣಗಿಸುವ ಬಿದಿರಟ್ಟದ ಮೇಲೆ
ಎಸ್ನಾಥ್ ಸೂಕ್ಷ್ಮದರ್ಶಕ ಇಟ್ಟಳು.
ಕರೆಂಟಿಲ್ಲ. ಅಡಿಯ ಪುಟ್ಟ ಕನ್ನಡಿ
ಮಲಾವಿ ಸರೋವರದ ಬಿಸಿಲನ್ನೇ ಹಿಡಿದು ಮೇಲಕ್ಕೆ ಕಳಿಸಿತು.

"ಹುಡುಗರ ಉಚ್ಚೆ ಕೆಂಪಾದರೆ ಗಂಡಸಾದರು ಅಂತ ಲೆಕ್ಕ.
ನನಗೂ ಆಗಿತ್ತು, ನಮ್ಮಪ್ಪನಿಗೂ"
ಎಂದ ದೋಣಿಯ ಮುದುಕ ಕಫೇರೆ.
ಅವಳು ವಾದಕ್ಕಿಳಿಯಲಿಲ್ಲ.
ಅವನ ಮೊಮ್ಮಗನದೇ ಒಂದು ತೊಟ್ಟು
ಗಾಜಿನ ಮೇಲೆ ಬಿಟ್ಟು, ಬನ್ನಿ ಎಂದಳು.

ಬಗ್ಗಿದ.
"ಹುಲ್ಲು ಕಾಣುತ್ತೆ, ಕರಿ ಹುಲ್ಲು."
"ಅದು ನಿಮ್ಮ ಕಣ್ರೆಪ್ಪೆ, ಅಜ್ಜ."
ಮೀನು ಹರವುತ್ತಿದ್ದ ಹೆಂಗಸರೆಲ್ಲ ನಕ್ಕರು. ಅವಳೂ.
ಮೊದಲ ದಿನ ಅವಳು ಕಂಡದ್ದೂ ಅದನ್ನೇ.

ತಿರುಪು ಒಂದೆಳೆ ಸರಿಯಿತು.
ಮೊಟ್ಟೆ. ತುದಿಗೊಂದು ಮುಳ್ಳು,
ಅವನ ಗಾಳದ ಕೊಕ್ಕೆಯಷ್ಟೇ ಚೂಪು.

ಬಹಳ ಹೊತ್ತಾದ ಮೇಲೆ ತಲೆಯೆತ್ತಿ:
"ನೀನೇ ಗಾಜಿಗೆ ಅಂಟಿಸಿ ತಂದದ್ದಲ್ಲ ಅಂತ
ಹೇಗೆ ನಂಬಲಿ?"

ಹನ್ನೊಂದು ಊರು ಸೈಕಲ್ ತುಳಿದಿದ್ದಳು
ಈ ಒಂದು ಪ್ರಶ್ನೆಗೆ.
"ನಂಬಬೇಡಿ" ಎಂದು ಬೇರೆ ಗಾಜು ಅವನ ಕೈಗೇ ಕೊಟ್ಟಳು.
"ನೀವೇ ತೊಳೆಯಿರಿ. ತೊಟ್ಟೂ ನಿಮ್ಮದೇ ಇರಲಿ."

ತೊಳೆಯಲು ಸರೋವರದತ್ತ ಎರಡು ಹೆಜ್ಜೆ ಇಟ್ಟವನು
ನಿಂತ.
ತಿರುಗಿ ಬಂದು
ಬೋರ್‌ವೆಲ್ಲಿನ ಕೊಡ ಬಗ್ಗಿಸಿದ.